ಜ್ವರದ ಪುಸ್ತಕ

‘ದಯವಿಟ್ಟು ಲೈನಿನಲ್ಲೇ ಇರಿ’ ಎಂದು ನಾನು ಜೀವಮಾನದಲ್ಲಿ ಎಷ್ಟು ಜನರನ್ನು ಕಾಯಿಸಿದ್ದೇನೋ, ಅವರೆಲ್ಲರ ಶಾಪ ಈಚೆಗೆ ಒಟ್ಟಿಗೇ ತಟ್ಟಿತು. ನಾನು ಚನ್ನಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುತೂತಿನ ಬೋರ್ಡು, ಕೈಯಲ್ಲಿ ವೈರು. ರಾಮನಗರದ ರೇಷ್ಮೆ ವ್ಯಾಪಾರಿಗೆ ಯಾವ ಊರಿನ ಯಾವ ಅಂಗಡಿ ಬೇಕೆಂದರೂ ಹುಡುಕಿ ಹಿಡಿದು ಕೊಡುತ್ತಿದ್ದೆ. ಕನಕಪುರದ ಬೀಗರೂ ಮಾಗಡಿಯ ಬೀಗರೂ ಮಾತಾಡುತ್ತ ಮಾತಾಡುತ್ತ ದನಿ ಏರಿಸಿದರೆ, ‘ಟೈಮ್ ಆಯ್ತು’ ಎಂದು ವೈರು ಕಿತ್ತು ಸಂಬಂಧ ಉಳಿಸಿದ್ದೂ ಉಂಟು. ಅಂಥ ನನಗೆ, ಪುಸ್ತಕ ಮಾರುವ ಒಂದು ಕಂಪನಿಯಲ್ಲಿ ಉಸಿರಾಡುವ ಒಬ್ಬ ಮನುಷ್ಯನನ್ನು ಫೋನಿನಲ್ಲಿ ಹಿಡಿಯಲಾಗಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಂದೇನು ಅಡ್ಡಿಯಿಲ್ಲ.

ಕನ್ನಡಕ್ಕೆ ಒಂದನ್ನು ಒತ್ತಿ ಎಂದಿತು ಮಿಷನ್ನು. ಒತ್ತಿದೆ. ಶಾಲಾ ಗೈಡುಗಳಿಗೆ ಎರಡು, ಸ್ಪರ್ಧಾತ್ಮಕ ಪರೀಕ್ಷೆಗೆ ಮೂರು ಎಂದಿತು. ನನಗೆ ಬೇಕಾದ್ದು ಎರಡೂ ಅಲ್ಲ ಎಂದು ಸುಮ್ಮನಿದ್ದೆ. ಸುಮ್ಮನಿರುವವರಿಗೆ ಅಲ್ಲೊಂದು ಸಂಗೀತ ಇಟ್ಟಿದ್ದಾರೆ. ಆ ಸಂಗೀತ ಕೇಳುತ್ತ ನಾನು ಒಂದು ಸೇರು ಅವರೆಕಾಯಿ ಸುಲಿದು ಮುಗಿಸಿದೆ. ನಡುನಡುವೆ ಒಬ್ಬಳು ಬಂದು ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುತ್ತಿದ್ದಳು. ನನ್ನ ಕಾಲದಲ್ಲಿ ನಾವು ಯಾರಿಗೂ ಹಾಗೆ ಹೇಳಿದ್ದಿಲ್ಲ, ಆದರೆ ಲೈನು ಕೊಡುತ್ತಿದ್ದೆವು.

ಬೇಕಾಗಿದ್ದ ಪುಸ್ತಕದ ಹೆಸರು ‘ನಾಲ್ಕು ಜ್ವರಗಳ ನಿರ್ವಹಣೆ’. ಗಾಬರಿಯಾಗಬೇಡಿ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊಟ್ಟೆಯಿಂದ ಬಂದ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡಬೇಕು. ಆಗೆಲ್ಲ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಅದು ‘ಜ್ವರಕ್ಕೆ ಕೂರುವುದು’. ಹಳೆ ಚರ್ಮ ಕಳಚಿ, ಹಸಿದು ಮತ್ತೆ ಹರಿದಾಡತೊಡಗಿದರೆ ‘ಜ್ವರ ಎದ್ದಿತು’. ನಮ್ಮೂರು ಅಕ್ಕೂರಿನಲ್ಲಿ ಯಾರಾದರೂ ‘ನಮ್ಮನೇಲಿ ಎಲ್ಲಾ ಜ್ವರಕ್ಕೆ ಕೂತವೆ’ ಎಂದರೆ ಯಾರೂ ಡಾಕ್ಟರನ್ನು ಕರೆಯುವುದಿಲ್ಲ. ‘ಎಷ್ಟನೇದು?’ ಎಂದು ಕೇಳುತ್ತಾರೆ.

ನಾನು ಚನ್ನಪಟ್ಟಣದ ಹೈಸ್ಕೂಲಿಗೆ ಸೇರಿದ ಹೊಸತರಲ್ಲಿ, ಹಿಂದಿನ ದಿನ ಯಾಕೆ ಬರಲಿಲ್ಲವೆಂದು ಟೀಚರು ಕೇಳಿದರು. ‘ಮನೇಲಿ ನಾಲ್ಕನೇ ಜ್ವರ, ಮೇಡಂ’ ಎಂದೆ. ‘ಯಾರಿಗಮ್ಮ?’ ‘ಎಲ್ಲಕ್ಕೂ ಮೇಡಂ.’ ಆಯಮ್ಮ ಬೆಂಗಳೂರಿನವರು. ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನು ಕಿಟಕಿಯ ಪಕ್ಕ ಒಂಟಿ ಬೆಂಚಿನಲ್ಲಿ ಕೂರಿಸಿದರು. ಗಾಳಿ ಚೆನ್ನಾಗಿ ಬರುತ್ತಿದ್ದುದರಿಂದ ನಾನು ವಾರವಿಡೀ ಆ ತಪ್ಪನ್ನು ತಿದ್ದಲಿಲ್ಲ.

ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ಅವ್ವ ಶಾಲೆಯ ಮುಖ ನೋಡಿದವಳಲ್ಲ. ಈ ಪುಸ್ತಕ ಮನೆಗೆ ಬಂದಾಗಿನಿಂದ ನಮ್ಮ ಮನೆಯ ಕ್ರಮ ಏನೆಂದರೆ, ಅವ್ವ ಬಿದಿರ ತಟ್ಟೆಗಳಿಗೆ ಸೊಪ್ಪು ಹಾಕುತ್ತ ಹೋಗಬೇಕು, ಅಪ್ಪ ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಓದುತ್ತ ಹೋಗಬೇಕು. ಮುಂದೆ ಏನು ಮಾಡಬೇಕೆಂದು ಪುಸ್ತಕ ಹೇಳುತ್ತಿತ್ತು, ಅವ್ವ ಮಾಡುತ್ತಿದ್ದಳು. ನಾನು ಲಾಟೀನು ಹಿಡಿಯುವವಳು. ಹಾಗಾದರೆ ನಿನಗೂ ಅದೆಲ್ಲ ಬಾಯಿಗೆ ಬಂದಿರಬೇಕಲ್ಲ ಎನ್ನುತ್ತೀರಿ. ಅಪ್ಪನ ಬಾಯಲ್ಲಿ ಮೊದಲನೆಯ ‘ತಕ್ಕದ್ದು’ ಬರುವುದೇ ತಡ, ನನಗೆ ನಿದ್ದೆ. ಲಾಟೀನು ಓಲಾಡಿದ್ದಕ್ಕೆ ತಲೆಯ ಮೇಲೆ ಎಷ್ಟು ಸಲ ಮೊಟಕಿಸಿಕೊಂಡಿದ್ದೇನೋ.

ಪುಸ್ತಕವೆಲ್ಲ ‘ತಕ್ಕದ್ದು’ ಭಾಷೆಯಲ್ಲಿತ್ತು. ಉದುರಿಸತಕ್ಕದ್ದು, ಹರಡತಕ್ಕದ್ದು, ಎಚ್ಚರ ವಹಿಸತಕ್ಕದ್ದು. ಕೇಳಿ ಕೇಳಿ ಅವ್ವನಿಗೆ ಅದು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠವಾಯಿತು. ಮಿಕ್ಕ ಹೊತ್ತೆಲ್ಲ ‘ಎಲ್ಲಿ ಸತ್ಯೇ’, ‘ಒಸಿ ಸೌದೆ ತಕ್ಕಬಾರೇ’ ಎನ್ನುವ ಹೆಂಗಸು, ಹುಳುವಿನ ವಿಷಯ ಬಂತೆಂದರೆ ‘ಕೊಠಡಿಯಲ್ಲಿ ತೇವಾಂಶ ಹೆಚ್ಚಾಗದಂತೆ ನೋಡಿಕೊಳ್ಳತಕ್ಕದ್ದು’ ಎಂದು ರೇಡಿಯೋದವರ ಹಾಗೆ ಶುರುಮಾಡುತ್ತಿದ್ದಳು. ಆಮೇಲಾಮೇಲೆ ನಮಗೂ ಅದನ್ನೇ ಹಚ್ಚಿದಳು. ಕೈ ತೊಳೆಯದೆ ಒಳಗೆ ಬಂದರೆ, ‘ಸೋಂಕು ನಿವಾರಣೆಯಾಗದೆ ಯಾರೂ ಪ್ರವೇಶಿಸಕೂಡದು ಕಣೇ ಮುಂಡೇದೇ!’ ತಮ್ಮ ಶಿವಣ್ಣ ಹುಟ್ಟಿದಾಗ ಅವನನ್ನು ನೋಡಲು ಬಂದ ನೆಂಟರಿಗೆಲ್ಲ, ‘ಅನಗತ್ಯವಾಗಿ ಮುಟ್ಟತಕ್ಕದ್ದಲ್ಲ’ ಎಂದಳಂತೆ. ಅದಕ್ಕೇ ಅವನು ಇಷ್ಟು ಕೊಬ್ಬಿ ಬೆಳೆದ ಎಂದು ನನ್ನ ನಂಬಿಕೆ.

ಅಪ್ಪನದು ಬೇರೆ ರೀತಿ. ಅವನು ಮಾತು ಕಮ್ಮಿಯ ಮನುಷ್ಯ. ಅದರಲ್ಲೂ ಅವ್ವನ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಮ್ಮಜ್ಜಿ ಇದ್ದ ಮನೆ, ಹೆಂಡತಿಯನ್ನು ಹೆಸರು ಹಿಡಿದು ಕರೆದರೆ ಅಜ್ಜಿ ನಗಾಡುತ್ತಿದ್ದಳು. ‘ಜಯಾ, ನೀರು ಬೇಕಂತೆ ಅನ್ನು ನಿಮ್ಮವ್ವಂಗೆ’ ಎಂದು ನನಗೆ ಹೇಳಿ ತಾನು ನೀರು ಕುಡಿಯುತ್ತಿದ್ದ. ನಾನೂ ಮನೆಯಲ್ಲಿಲ್ಲದಿದ್ದರೆ ಕಂಬಕ್ಕೆ ಹೇಳುತ್ತಿದ್ದ. ಇಬ್ಬರ ನಡುವೆ ಲೈನು ಕೊಡುವ ಕೆಲಸ ಆಗಲೇ ಶುರುವಾಗಿತ್ತು ನೋಡಿ, ಸರ್ಕಾರ ಸಂಬಳ ಕೊಟ್ಟಿದ್ದು ಆಮೇಲೆ. ಪುಸ್ತಕ ಓದುವಾಗ ಮಾತ್ರ ಅವನ ದನಿ ದೊಡ್ಡದಾಗುತ್ತಿತ್ತು. ಬೇರೆಯವರು ಬರೆದ ಮಾತಲ್ಲವೇ, ಅದಕ್ಕೆ ನಾಚಿಕೆ ಎಂಥದು?

ಅಪ್ಪ ಹೋದ ಮೇಲೆ ಕನಕಪುರದ ಸೋದರಮಾವ ಹುಳು ಸಾಕುತ್ತೇನೆಂದು ಪುಸ್ತಕ ಒಯ್ದ. ಒಂದೇ ಬೆಳೆಗೆ ಸಾಕಾಗಿ ಹಸು ಕಟ್ಟಿದ. ಪುಸ್ತಕ ಕೇಳಿದಾಗಲೆಲ್ಲ ‘ಇಲ್ಲೇ ಎಲ್ಲೋ ಐತೆ, ಹಬ್ಬಕ್ಕೆ ತತ್ತೀನಿ ಬುಡು’ ಎನ್ನುತ್ತಿದ್ದ. ಅಷ್ಟೂ ಹಬ್ಬ ಮುಗಿದು ಮಾವನೂ ಹೋದ. ಅವ್ವ ತಲೆ ಕೆಡಿಸಿಕೊಳ್ಳಲಿಲ್ಲ. ‘ನನ್ ತಲೇಲಿ ಐತಲ್ಲ, ಪುಸ್ತಕ ಯಾಕೆ?’ ಎಂದಳು.

ಅವ್ವನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜು. ಶಿವಣ್ಣ, ಅವನ ಹೆಂಡತಿ ಸಾವಿತ್ರಿ, ಮಕ್ಕಳು, ಎರಡು ನಾಯಿ, ಎಲ್ಲರೂ ಅವಳ ಕೈಕೆಳಗೇ ಇದ್ದಾರೆ. ಹುಳುವಿನ ಮನೆಗೆ ಮಾತ್ರ ಇನ್ನು ಹೋಗಲಾರೆ ಎಂದು ಅದನ್ನು ಸಾವಿತ್ರಿಗೆ ಬಿಟ್ಟುಕೊಟ್ಟಳು. ತಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದೇ ಸಾಲು ಹೇಳಿಕೊಡುವುದು, ಸಾವಿತ್ರಿ ಒಳಗೆ ಮಾಡುವುದು ಎಂದು ಮಾತಾಯಿತು. ಸಾವಿತ್ರಿ ಮೊದಲ ಸಲ ಒಬ್ಬಳೇ ಬೆಳೆ ತೆಗೆಯುತ್ತಿದ್ದಾಳೆ, ಅವಳಿಗೂ ಪುಕಪುಕ. ಮೊಟ್ಟೆ ತಂದಾಯಿತು. ಅಷ್ಟರಲ್ಲಿ ಅವ್ವನಿಗೆ ಜ್ವರ ಬಂತು. ಇದು ಮನುಷ್ಯರ ಜ್ವರ. ಬಂತು, ಹೋಯಿತು. ಹೋಗುವಾಗ ಒಂದು ಸಾಲು ಎತ್ತಿಕೊಂಡು ಹೋಯಿತು.

ನಾನು ನೋಡಲು ಹೋದಾಗ ಅವ್ವ ಗೋಡೆಗೆ ಒರಗಿ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ‘ನಾಲ್ಕನೆಯ ಜ್ವರದಿಂದ ಎಲ್ಲ ಹುಳುಗಳೂ ಎದ್ದ ನಂತರವೇ ಮೊದಲ ಸೊಪ್ಪನ್ನು ಕೊಡತಕ್ಕದ್ದು.’ ಅಲ್ಲಿಗೆ ನಿಂತಳು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ ನಿಂತಳು.

‘ಯಾಕವ್ವ?’

‘ಇಲ್ಲೊಂದು ಮಾತು ಐತೆ ಕಣೇ. ಇದಾದ್ಮೇಲೆ ಹುಳದ್ ಹಾಸ್ಗೆ ಬದ್ಲಾಯಿಸ್ಬೇಕು, ತಿಂದು ಬುಟ್ಟ ಸೊಪ್ಪು ಕಸ ತೆಗೀಬೇಕು ಅಂತ ಬತ್ತದೆ, ಅದು ಗೊತ್ತು. ಅವೆಲ್ಡರ ಮಧ್ಯ ಒಂದ್ ಮಾತು. ಸಿಗ್ತಾ ಇಲ್ಲ.’

‘ಹೋಗ್ಲಿ ಬಿಡು, ಒಂದು ಸಾಲು ತಾನೆ.’

‘ಹೋಗ್ಲಿ ಬುಡು ಅಂದ್ರೆ? ನಾಲ್ಕನೇ ಜ್ವರ ಎದ್ದಾಗ ಒಂದ್ ಮಾತು ತಪ್ಪುದ್ರೆ ಬೆಳೇನೇ ಹೋಯ್ತದೆ. ಆ ಒಂದ್ ಮಾತ್ನ ನಿಮ್ಮಪ್ಪ ಒತ್ತಿ ಒತ್ತಿ ಓದೋನು. ಎಲ್ಡೆಲ್ಡು ಸಲ ಓದೋನು.’ ಆಮೇಲೆ ದನಿ ತಗ್ಗಿಸಿ, ಸಾವಿತ್ರಿಗೆ ಕೇಳಿಸದ ಹಾಗೆ, ‘ಇವತ್ತು ಇದು ಹೋಯ್ತು. ನಾಳೆ ನಿನ್ ಹೆಸ್ರು ಹೋಯ್ತದೆ. ಆಮೇಕೆ ಯಾರು ಬಂದ್ರೂ ಪಿಳಿಪಿಳಿ ಅಂತ ನೋಡ್ಕಂಡು ಕೂತಿರ್ತೀನಿ. ನಂಗೆ ಭಯ ಆಯ್ತದೆ ಜಯಾ’ ಎಂದಳು.

ಅವ್ವನ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ‘ನಾಲ್ಕನೇ ಜ್ವರ ಏಳೋ ಹೊತ್ತಿಗೆ ಪುಸ್ತಕ ತಂದುಕೊಡ್ತೀನಿ’ ಎಂದುಬಿಟ್ಟೆ. ಆಪರೇಟರಿನ ಹಳೇ ಗತ್ತು. ತರುವುದು ಎಲ್ಲಿಂದ ಎಂದು ರಾಮನಗರದ ನನ್ನ ಮನೆಗೆ ಬಸ್ಸು ಹತ್ತಿದ ಮೇಲೆ ಯೋಚಿಸಿದೆ.

ಪುಸ್ತಕ ಅಚ್ಚು ಹಾಕಿದ್ದ ಕಂಪನಿ ಈಗ ಆ ಹೆಸರಿನಲ್ಲಿಲ್ಲ. ಅದು ಇನ್ನೊಂದು ದೊಡ್ಡ ಕಂಪನಿಯಲ್ಲಿ ವಿಲೀನವಾಗಿದೆಯೆಂದು ರಾಮನಗರದ ಪುಸ್ತಕದಂಗಡಿಯವನು ಹೇಳಿದ. ವಿಲೀನ ಎಂದರೇನೆಂದು ನನಗೆ ಆಮೇಲೆ ಅರ್ಥವಾಯಿತು. ಬಡವರ ಮನೆ ಹೆಣ್ಣು ಸಾಹುಕಾರರ ಮನೆಗೆ ಸೇರಿದ ಹಾಗೆ. ಹೆಸರು ಬದಲು, ತವರಿನ ಸಾಮಾನೆಲ್ಲ ಅಟ್ಟಕ್ಕೆ. ಅಂಗಡಿಯವನು ಅಷ್ಟಕ್ಕೇ ಬಿಡದೆ, ‘ಮೇಡಂ, ಜ್ವರಕ್ಕೆ ಪುಸ್ತಕ ಯಾಕೆ, ಎದುರಿಗೇ ಮೆಡಿಕಲ್ ಸ್ಟೋರ್ ಇದೆಯಲ್ಲ’ ಎಂದ. ಅವನು ಪಾಪ ಯಾವ ಜಿಲ್ಲೆಯವನೋ.

ಸರಿ, ದೊಡ್ಡ ಕಂಪನಿಗೆ ಫೋನು. ಸಂಗೀತ, ಅವರೆಕಾಯಿ, ಅಮೂಲ್ಯ ಕರೆ, ಎಲ್ಲ ಹೇಳಿದೆನಲ್ಲ. ಕೊನೆಗೆ ಮಿಷನ್ನು, ‘ಪುಸ್ತಕದ ಹೆಸರನ್ನು ಸ್ಪಷ್ಟವಾಗಿ ಹೇಳಿ’ ಎಂದಿತು. ನಾನು ಟ್ರಂಕ್ ಕಾಲ್ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ವಿಳಾಸ ಕೇಳಿ, ಧನ್ಯವಾದ ಹೇಳಿ ಫೋನು ಇಟ್ಟಿತು. ಪಾರ್ಸೆಲ್ಲೂ ಬಂತು. ಬಿಚ್ಚಿದರೆ ಹೊಳೆಯುವ ರಟ್ಟಿನ ಮೇಲೆ ಥರ್ಮಾಮೀಟರು ಕಚ್ಚಿಕೊಂಡ ಒಂದು ಗುಂಡುಮಗು. ಒಳಗೆಲ್ಲ ಸೊಳ್ಳೆಪರದೆ, ಒದ್ದೆಬಟ್ಟೆ, ಗಂಜಿ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಕ್ಕೂರಿನಿಂದ ಸಾವಿತ್ರಿ ಫೋನು ಮಾಡಿ, ‘ಅತ್ಗೆ, ಮೂರ್ನೇ ಜ್ವರ ಎದ್ದವೆ. ಅತ್ತೆ ಊಟಾನೇ ಸರಿಯಾಗಿ ಮಾಡ್ತಾ ಇಲ್ಲ, ಅದೇ ಜಪ. ಪುಸ್ತಕ ಬಂತಾ?’ ಎಂದಳು.

ಬಂತು, ಆದರೆ ಮಗುವಿನದು ಎಂದು ಹೇಗೆ ಹೇಳಲಿ?

ಮತ್ತೆ ಫೋನು ಹಿಡಿದೆ. ಈ ಸಲ ಉಪಾಯ ಮಾಡಿದೆ. ಮಿಷನ್ನು ಏನು ಕೇಳಿದರೂ ಕೆಮ್ಮಿದೆ. ಕೆಮ್ಮು ಅದಕ್ಕೆ ಯಾವ ಭಾಷೆಯೆಂದು ತಿಳಿಯದೆ, ಬೇಸತ್ತು, ಒಬ್ಬ ಹುಡುಗಿಗೆ ಲೈನು ಕೊಟ್ಟಿತು. ಅವಳು ಹುಡುಕಿ ಹೇಳಿದಳು:

‘ಮೇಡಂ, ಅದು ಹಳೇ ಕಂಪನಿ ಟೈಟಲ್ಲು. ಮರ್ಜ್ ಆದ್ಮೇಲೆ ಮೆಡಿಕಲ್ ಕೆಟಗರಿಗೆ ಹೋಗಿದೆ. ಲೇಖಕರು ಡಾಕ್ಟರ್ ಅಲ್ಲ ಅಂತ ಸೇಲ್ ಬ್ಲಾಕ್ ಮಾಡಿದಾರೆ.’

‘ಅದು ಮೆಡಿಕಲ್ ಪುಸ್ತಕ ಅಲ್ಲಮ್ಮ.’

‘ಜ್ವರ ಅಂತ ಇದೆಯಲ್ಲ ಮೇಡಂ. ಪೇಷಂಟ್‌ಗೆ ಏನಾದ್ರೂ ಆದ್ರೆ ಕಂಪನಿ ಮೇಲೆ ಬರುತ್ತೆ.’

‘ಪೇಷಂಟು ಹುಳ ಕಣಮ್ಮ!’

‘ಹೊಟ್ಟೇಲಿ ಹುಳಾನಾ ಮೇಡಂ? ಅದಕ್ಕೆ ಬೇರೆ ಪುಸ್ತಕ ಇದೆ, ಕಳಿಸಲಾ?’ ಎಂದಳು.

ನಾನು ಕೂಗಾಡಬಹುದಿತ್ತು. ನನ್ನ ಬಾಯಿ ಎಂಥದೆಂದು ಎಕ್ಸ್‌ಚೇಂಜಿನವರನ್ನು ಕೇಳಿ. ಆದರೆ ಆ ಕುರ್ಚಿಯಲ್ಲಿ ಕೂತವಳ ಕಷ್ಟ ನನಗೆ ಗೊತ್ತು. ಮೆಲ್ಲಗೆ ಕೇಳಿದೆ, ಹಳೇ ಕಂಪನಿಯ ಪುಸ್ತಕಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದು. ‘ಗೋಡೌನಲ್ಲಿ ಮೇಡಂ. ಮಾಗಡಿ ಹತ್ರ ಕುದೂರು ಅಂತ ಒಂದು ಊರಿದೆ’ ಎಂದಳು. ಕುದೂರು ಅಂತ ಒಂದು ಊರಿದೆಯಂತೆ! ಪುಸ್ತಕ ನಮ್ಮ ಕಾಲಬುಡದಲ್ಲೇ ಇದ್ದುಕೊಂಡು ನನ್ನಿಂದ ಇಷ್ಟು ಅವರೆಕಾಯಿ ಸುಲಿಸಿತ್ತು.

ಹೊರಡುವ ದಿನ ಬೆಳಿಗ್ಗೆ ಸಾವಿತ್ರಿಯ ಫೋನು ಬಂತು. ‘ನಾಲ್ಕನೇದು ಏಳಕ್ಕೆ ಶುರುವಾಗದೆ ಅತ್ಗೆ. ಸಂಜೆಗೆ ಎಲ್ಲಾ ಏಳ್ತವೆ.’ ಸೆರಗು ಸಿಕ್ಕಿಸಿಕೊಂಡು ಬಸ್ಸಿಗೆ ಓಡಿದೆ. ರಾಮನಗರದಿಂದ ಮಾಗಡಿ, ಮಾಗಡಿಯಿಂದ ಕುದೂರು. ಬಸ್ಸು ಕೈ ಮಾಡಿದಲ್ಲೆಲ್ಲ ನಿಂತು, ಕೈ ಮಾಡದವರನ್ನೂ ‘ಬತ್ತೀರಾ?’ ಎಂದು ವಿಚಾರಿಸಿಕೊಂಡು ಹೋಯಿತು. ಪಕ್ಕದಲ್ಲಿ ಕೂತ ಹೆಂಗಸು, ಎಲ್ಲಿಗೆ ಎಂದು ಕೇಳಿದಳು. ಹೇಳಿದೆ. ‘ಹುಳ ಸಾಕಕ್ಕೂ ಪುಸ್ತಕವಾ!’ ಎಂದು ಆಕೆ ಕೆನ್ನೆ ಮುಟ್ಟಿಕೊಂಡಳು. ನಮ್ಮಜ್ಜಿಯೂ ಇದೇ ಮಾತು ಹೇಳುತ್ತಿದ್ದಳು. ಅಪ್ಪ ಓದಲು ಕೂತಾಗ ಅಜ್ಜಿ ಜಗಲಿಯಿಂದ, ‘ಹುಳಕ್ಕೆ ಇಸ್ಕೂಲ್ ಮಡಗವ್ನೆ ನನ್ ಮಗ’ ಎಂದು ದಾರಿಹೋಕರಿಗೆಲ್ಲ ಸಾರುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಇನ್ನೂ ಗಟ್ಟಿಯಾಗಿ ಓದುತ್ತಿದ್ದ.

ಗೋಡೌನು ಅಂದರೆ ತಗಡಿನ ಚಾವಣಿಯ ದೊಡ್ಡ ಕೊಟ್ಟಿಗೆ. ನೋಡಿಕೊಳ್ಳುವವರು ಗಂಗಣ್ಣ ಎಂಬ ದಪ್ಪ ಮೀಸೆಯ ಯಜಮಾನರು. ಮೊದಲು ಕಂಪನಿಯ ಭಾಷೆಯಲ್ಲೇ, ‘ಇಲ್ಲಿ ರೀಟೇಲ್ ಕೊಡೋದಿಲ್ಲ ಮೇಡಂ, ಆನ್‌ಲೈನ್ ನೋಡಿ’ ಎಂದರು. ನಾನು ಪುಸ್ತಕದ ಹೆಸರು ಹೇಳಿದೆ. ‘ಮೆಡಿಕಲ್ಲು ಬ್ಲಾಕ್ ಆಗಿದೆ’ ಎಂದರು. ಇನ್ನು ತಡೆಯಲಾಗಲಿಲ್ಲ.

‘ಗಂಗಣ್ಣೋರೇ, ನಮ್ಮನೇಲಿ ನಾಲ್ಕನೇ ಜ್ವರ ಏಳ್ತಾ ಐತೆ. ಸಂಜೆಗೆ ಮೊದಲ ಸೊಪ್ಪು ಕೊಡಬೇಕು’ ಎಂದೆ.

ಅವರ ಮುಖವೇ ಬದಲಾಯಿತು. ‘ಅಯ್ಯೋ ನಿಮ್ಮ, ಹುಳದ್ ಜ್ವರವಾ! ಮೊದ್ಲೇ ಅನ್ಬಾರ್ದಾ? ಎಷ್ಟು ಮೊಟ್ಟೆ ಕಟ್ಟವ್ರೆ? ಸೊಪ್ಪು ಐತಾ ಸಾಕಾಗೋಷ್ಟು?’ ಎನ್ನುತ್ತ ಎದ್ದೇ ಬಿಟ್ಟರು. ಒಳಗೆ ಕರೆದುಕೊಂಡು ಹೋಗಿ ಏಣಿ ಹತ್ತಿ, ಧೂಳು ಕುಡಿದು, ಕೊನೆಗೆ ಒಂದು ಪುಸ್ತಕ ಎಳೆದರು. ‘ನೋಡಿ, ಆ ಕಡೆ ಇಂಜೆಕ್ಷನ್ನು, ಈ ಕಡೆ ಆಪರೇಷನ್ನು, ಮಧ್ಯ ನಮ್ ಹುಳ. ಉಸ್ರು ಕಟ್ಟಿರಬೇಕು ಪಾಪ’ ಎಂದು ಷರಟಿನ ತೋಳಿನಿಂದ ಒರೆಸಿದರು. ಅದೇ ಹಳದಿ ರಟ್ಟು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ರೇಷ್ಮೆ ಸಾಕಣೆದಾರರ ಕೈಪಿಡಿ’ ಎಂದಿದೆ. ಎರಡೂ ಕಂಪನಿ ಒಂದಾಗುವಾಗ ಆ ಸಣ್ಣಕ್ಷರ ಕಂಪ್ಯೂಟರಿಗೆ ಹೋಗದೆ ಉಳಿದಿತ್ತು. ನನಗೆ ಅಲ್ಲೇ ನಿಂತು ಅಳು ಬಂತು. ಆ ರಟ್ಟು ಕಂಡರೆ ಅಪ್ಪನ ಹೆಬ್ಬೆರಳು ಕಂಡ ಹಾಗಾಯಿತು.

ಆದರೆ ಬಿಲ್ಲು ಆಗಲಿಲ್ಲ. ಗಂಗಣ್ಣನವರು ಎಷ್ಟು ಸಲ ಒತ್ತಿದರೂ ಕಂಪ್ಯೂಟರು ಕೆಂಪಗೆ ಬೈಯುತ್ತಿತ್ತು. ಬಿಲ್ಲಿಲ್ಲದೆ ಗೇಟು ದಾಟುವಂತಿಲ್ಲ. ಗಂಗಣ್ಣ ಮೀಸೆ ತೀಡಿಕೊಂಡರು.

‘ಒಂದ್ ದಾರಿ ಐತೆ. ಹಾಳೆ ಹರಿದಿರೋ ಪುಸ್ತಕ ಆದ್ರೆ ರದ್ದಿ ಅಂತ ತೋರಿಸ್ಬೋದು, ರದ್ದಿ ಯಾರು ಬೇಕಾದ್ರೂ ತಗೊಂಡು ಹೋಗ್ಬೋದು. ಯಾವ್ ಹಾಳೆ ಬ್ಯಾಡ ಹೇಳಿ ನಿಮ್ಗೆ.’

ನಾನು ಪುಸ್ತಕ ಬಿಡಿಸಿ ನೋಡಿದೆ. ಮೊದಲಲ್ಲೇ ಯಾರೋ ದೊಡ್ಡವರ ಮುನ್ನುಡಿ ಇತ್ತು. ‘ಇದು’ ಎಂದೆ.

‘ಎಲ್ರೂ ಅದ್ನೇ ಹೇಳೋದು’ ಎನ್ನುತ್ತ ಗಂಗಣ್ಣ ಅದನ್ನು ಅಂಚು ಕೆಡದಂತೆ ಕಿತ್ತರು.

ವಾಪಸು ಬಸ್ಸಿನಲ್ಲಿ ನಾನು ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ಅಪ್ಪ ಇಲ್ಲದ ಮೇಲೆ ಅದನ್ನು ಮೊದಲು ಓದುವುದು ಅವ್ವನ ಮುಂದೆಯೇ ಆಗಲಿ ಎನಿಸಿತು. ಮಡಿಲಲ್ಲಿಟ್ಟುಕೊಂಡು, ಡ್ರೈವರನಿಗೆ ಮನಸ್ಸಿನಲ್ಲೇ ಬೈಯುತ್ತ, ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ಅಕ್ಕೂರು ಸೇರುವಾಗ ಬಿಸಿಲು ಇಳಿದಿತ್ತು. ಹುಳುಮನೆಯ ಬಾಗಿಲಲ್ಲಿ ಅವ್ವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಾವಿತ್ರಿ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಹುಳುಗಳೆಲ್ಲ ಎದ್ದು, ತಲೆಯಾಡಿಸಿ ಹುಡುಕುತ್ತಿದ್ದವು.

‘ತಂದಾ?’

‘ತಂದೆ ಕಣವ್ವ. ಗೋಡೌನಿನವರು ಒಂದು ಹಾಳೆ ಹರಿದು ಕೊಟ್ಟರು, ಅಷ್ಟೇ.’

ಅವ್ವ ಪುಸ್ತಕ ಇಸಿದುಕೊಂಡು ಮೂಸಿ ನೋಡಿದಳು. ‘ನಮ್ದಲ್ಲ. ಆದ್ರೂ ಅದೇಯ. ಓದು.’

ನಾನು ಅಪ್ಪ ಕೂರುತ್ತಿದ್ದ ಹಾಗೆ ಹೊಸ್ತಿಲ ಹತ್ತಿರ ಕೂತು ಆ ಪುಟ ಹುಡುಕಿ ಓದಿದೆ. ‘ನಾಲ್ಕನೆಯ ಜ್ವರದಿಂದ ಎಲ್ಲ ಹುಳುಗಳೂ ಎದ್ದ ನಂತರವೇ ಮೊದಲ ಸೊಪ್ಪನ್ನು ಕೊಡತಕ್ಕದ್ದು. ಬಳಿಕ ಹಾಸಿಗೆಯನ್ನು ಬದಲಾಯಿಸತಕ್ಕದ್ದು.’

‘ತಡಿ ತಡಿ. ಮಧ್ಯದ್ದು ಬುಟ್ಬುಟ್ಟೆ.’

ಮತ್ತೆ ಓದಿದೆ. ಮಧ್ಯದಲ್ಲಿ ಏನೂ ಇರಲಿಲ್ಲ. ಒಂದು ಚುಕ್ಕಿ ಇತ್ತು.

‘ನಿನ್ಗೆ ಕಣ್ ಕಾಣಲ್ಲ. ಸಾವಿತ್ರಿ, ನೀನ್ ಓದು.’

ಸಾವಿತ್ರಿ ಬುಟ್ಟಿ ಇಳಿಸಿ, ಬೆರಳಿಟ್ಟು ಓದಿದಳು. ಅದೇ.

‘ಅದ್ಯಾವ್ದೋ ಹಾಳೆ ಹರಿದವ್ನೆ ಅಂದ್ಯಲ್ಲ ಗೋಡೌನೋನು. ಅದ್ರಲ್ಲಿ ಐತೆ.’

‘ಅದು ಮುನ್ನುಡಿ ಕಣವ್ವ. ಶುರುವಿನಲ್ಲಿರೋದು. ಇದು ಒಂದೇ ಪುಟದಲ್ಲಿ, ಒಂದರ ಪಕ್ಕ ಒಂದಿರೋ ಸಾಲು. ಮಧ್ಯ ಏನೂ ಇಲ್ಲ.’

ಅವ್ವನ ಕೈ ಮಡಿಲಿಗೆ ಬಿದ್ದಿತು. ‘ಹಂಗಾರೆ ಇಲ್ದೆ ಇರೋದ್ನ ಐತೆ ಅನ್ಕಂಡು ಕೂತಿದ್ನಾ ನಾನು. ಹಂಗಾರೆ ಶುರುವಾಯ್ತು ಬುಡು’ ಎಂದಳು. ನನ್ನ ಕಡೆ ನೋಡಲಿಲ್ಲ. ‘ಸೊಪ್ ಹಾಕವ್ವ ಸಾವಿತ್ರಿ. ಹಸ್ದವೆ ಅವು.’

ಪುಸ್ತಕ ತಂದು ನಾನೇ ಅವಳನ್ನು ಮುಗಿಸಿದೆನಲ್ಲ ಎನಿಸಿತು. ಅದು ಸಿಗದಿದ್ದರೆ, ಒಂದು ಮಾತು ಮರೆತೆ ಎಂದಷ್ಟೇ ಅವಳಿಗೆ ಅನಿಸುತ್ತಿತ್ತು. ಎಂಥ ಘನಂದಾರಿ ಕೆಲಸ ಮಾಡಿದೆ ನೋಡಿ.

ಸಾವಿತ್ರಿ ತಟ್ಟೆ ತಟ್ಟೆಗೂ ಸೊಪ್ಪು ಹಾಕಿದಳು. ಒಳಗೆ ಚರಚರ ಶುರುವಾಯಿತು. ಅವಳು ಹೊರಗೆ ಬಂದು ಸೆರಗಿನಿಂದ ಕತ್ತು ಒರೆಸಿಕೊಂಡಳು. ಬೆಳಗಿನಿಂದ ನಿಂತ ಹೆಂಗಸು, ತುಟಿ ಒಣಗಿ ಹೋಗಿತ್ತು.

‘ಕೊಟ್ಟಾಯ್ತಾ?’ ಎಂದಳು ಅವ್ವ, ನೆಲ ನೋಡುತ್ತ.

‘ಆಯ್ತು ಅತ್ತೆ. ಹಾಸ್ಗೆ ಬದ್ಲಾಯಿಸಕ್ಕೆ ಬಲೆ ತರ್ತೀನಿ.’

‘ಏನಾರ ತಿಂದ್ಯಾ?’

‘ಆಮೇಲೆ ತಿಂತೀನಿ ಬುಡಿ ಅತ್ತೆ. ಅವಕ್ಕೆ ಮೊದ್ಲು...’

‘ಸೊಪ್ಪು ಕೊಟ್ಟಾದ ಕೂಡಲೇ ಸಾಕುವವರು ಮೊದಲು ತಾವು ಉಣ್ಣತಕ್ಕದ್ದು!’ ಎಂದಳು ಅವ್ವ. ‘ಉಣ್ಣದೆ ಬೇರೆ ಕೆಲಸ ಮುಟ್ಟತಕ್ಕದ್ದಲ್ಲ!’

ಗಟ್ಟಿಯಾಗಿ, ರೇಡಿಯೋದ ದನಿಯಲ್ಲಿ, ಒಂದೇ ಉಸಿರಿಗೆ. ಹೇಳಿದ ಮೇಲೆ ತನ್ನ ಬಾಯಿಗೆ ತಾನೇ ಕೈ ಇಟ್ಟುಕೊಂಡಳು. ‘ಅದೇ! ಅದೇ ಕಣೇ ಜಯಾ! ಅದೇ ಮಾತು! ಎಲ್ಲಿ, ನೋಡು, ಇರ್ಬೇಕು, ನೋಡೇ!’

ನಾನು ನೋಡಿದೆ. ಆ ಪುಟ, ಹಿಂದಿನ ಪುಟ, ಮುಂದಿನ ಪುಟ. ಐದನೆಯ ಹಂತ, ಗೂಡು ಕಟ್ಟುವ ಹಂತ, ಕೊನೆಯವರೆಗೂ ಕಣ್ಣಾಡಿಸಿದೆ. ಹುಳುವಿನ ಊಟದ ವಿಷಯ ಪುಟಗಟ್ಟಲೆ ಇತ್ತು. ಸಾಕುವವರ ಊಟದ ವಿಷಯ ಎಲ್ಲಿಯೂ ಇರಲಿಲ್ಲ.

‘ಇಲ್ಲ ಕಣವ್ವ’ ಎಂದೆ.

‘ಇಲ್ವಾ?’

‘ಇಲ್ಲ.’

‘ಇಲ್ವೇ ಇಲ್ವಾ?’

ಅವ್ವ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಕಾಣದ ಕಣ್ಣಿನಿಂದ ಅದನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ಅಳುತ್ತಲೂ ಇದ್ದಳು.

‘ಅವ್ನ ಮನೆ ಹಾಳಾಗ’ ಎಂದಳು. ಅಪ್ಪನ ಮನೆಯೆಂದರೆ ತಾನು ಕೂತಿರುವ ಇದೇ ಮನೆಯೆಂಬುದು ಅವಳಿಗೆ ನೆನಪಾಗಲಿಲ್ಲ. ‘ಓದೋನು ಅವ್ನೇ ಅಲ್ವಾ. ನಂಗೆ ಓದಕ್ಕೆ ಬತ್ತಿತ್ತಾ? ಇಷ್ಟ್ ವರ್ಸವೂ ಪುಸ್ತಕದಾಗೆ ಐತೆ ಅನ್ಕಂಡೇ ಉಂಡೆ ಕಣೇ ನಾನು.’